ತಪ್ಪಾಯ್ತು, ತಪ್ಪು ಮಾಡಿದೆ

ಕ್ಷಮೆ ಕೇಳುವಾಗ ಕನ್ನಡದಲ್ಲಿ ನಾವು ಏನೆನ್ನುತ್ತೇವೆ, ಒಮ್ಮೆ ನೆನಪು ಮಾಡಿಕೊಳ್ಳಿ. ‘ತಪ್ಪಾಯ್ತು’ ಎನ್ನುತ್ತೇವೆ. ಮನಸ್ಸು ಇನ್ನೂ ಸ್ವಲ್ಪ ಕರಗಿದ್ದರೆ ‘ನನ್ನಿಂದ ತಪ್ಪಾಯ್ತು’. ಮಳೆಯಾಯ್ತು, ಕತ್ತಲಾಯ್ತು ಎನ್ನುವ ಹಾಗೆಯೇ ತಪ್ಪೂ ಆಯ್ತು. ಅದೇ ಇನ್ನೊಬ್ಬರ ಮೇಲೆ ಸಿಟ್ಟಿದ್ದರೆ ವಾಕ್ಯವೇ ಬೇರೆ: ‘ನೀನು ತಪ್ಪು ಮಾಡಿದೆ.’ ನನ್ನ ಕೈಯಿಂದ ಗಾಜಿನ ಲೋಟ ಬಿದ್ದರೆ ‘ಒಡೆದುಹೋಯ್ತು’, ಮಗುವಿನ ಕೈಯಿಂದ ಬಿದ್ದರೆ ‘ಒಡೆದುಹಾಕಿದೆಯಲ್ಲೋ!’ ಬಿದ್ದದ್ದು ಅದೇ ಲೋಟ, ಅದೇ ನೆಲ. ಒಂದು ವಾಕ್ಯದಲ್ಲಿ ಮಾಡಿದವನು ಇದ್ದಾನೆ, ಇನ್ನೊಂದರಲ್ಲಿ ಇಲ್ಲ.

ಈ ಎರಡರಲ್ಲಿ ಯಾವುದು ನಿಜ ಎನ್ನುವುದೇ ಇವತ್ತಿನ ಮಾತು. ಜಗತ್ತಿನಲ್ಲಿ ಇರುವುದೆಲ್ಲ ಬರೀ ‘ಆಗುವುದು’, ‘ಮಾಡುವುದು’ ಎನ್ನುವುದು ನಮ್ಮ ಮಾತಿನ ರೂಢಿ ಅಷ್ಟೇ ಎಂದಾದರೆ, ಯಾರನ್ನಾದರೂ ಹೊಣೆ ಮಾಡುವ ಹಕ್ಕು ನಮಗೆ ಉಳಿಯುತ್ತದೆಯೇ?

ವ್ಯಾಕರಣದಲ್ಲಿ ಇನ್ನೊಂದು ನಿಮಿಷ ಇರೋಣ. ನನಗೆ ಸಿಟ್ಟು ಬಂತು, ನನಗೆ ಆಸೆಯಾಯಿತು, ನನಗೆ ಬೇಕೆನಿಸಿತು. ಗಮನಿಸಿ, ಎಲ್ಲ ಕಡೆ ‘ನನಗೆ’. ಸಿಟ್ಟು ಎಲ್ಲಿಂದಲೋ ಹೊರಟು ಬರುತ್ತದೆ, ನಾನು ಅದು ಬಂದು ಸೇರುವ ಜಾಗ. ಆದರೆ ‘ಬೈದೆ’, ‘ಹೊಡೆದೆ’ ಎನ್ನುವಾಗ ‘ನಾನು’ ಎದ್ದು ಮುಂದೆ ಬರುತ್ತೇನೆ. ಪಾಣಿನಿ ಕರ್ತೃ ಯಾರೆಂದು ಹೇಳುವುದು ಎರಡೇ ಪದಗಳಲ್ಲಿ: ‘ಸ್ವತಂತ್ರಃ ಕರ್ತಾ’. ಸ್ವತಂತ್ರನಾದವನು ಕರ್ತೃ. ಇದನ್ನು ಮೊದಲು ಓದಿದಾಗ, ಇಡೀ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತೆಂದು ನನಗೆ ಸಂಭ್ರಮವಾಗಿತ್ತು. ಆದರೆ ವೈಯಾಕರಣರು ಅಷ್ಟು ಸುಲಭವಾಗಿ ಬಿಡುವುದಿಲ್ಲ. ‘ಪಾತ್ರೆ ಬೇಯಿಸುತ್ತದೆ’ ಎಂದೂ ಹೇಳಬಹುದು, ಆಗ ಪಾತ್ರೆಯೇ ಕರ್ತೃ ಎನ್ನುತ್ತಾರೆ. ಯಾವುದನ್ನು ಸ್ವತಂತ್ರವೆಂದು ಹೇಳಲು ಮಾತಾಡುವವನು ಬಯಸುತ್ತಾನೋ ಅದು ಕರ್ತೃ. ಅಂದರೆ ಪ್ರಶ್ನೆ ಇದ್ದಲ್ಲೇ ಇದೆ. ನಾವು ಬಯಸಿ ಕರ್ತೃವಾಗುತ್ತೇವೋ, ನಿಜಕ್ಕೂ ಕರ್ತೃವೋ?

ಈಗ ಎದುರು ಪಕ್ಷದ ವಾದ ಕೇಳೋಣ. ಅದನ್ನು ಪೂರ್ತಿ ಬಲದೊಂದಿಗೆ ಕೇಳಬೇಕು. 1814ರಲ್ಲಿ ಫ್ರಾನ್ಸಿನ ಗಣಿತಜ್ಞ ಲಪ್ಲಾಸ್ ಒಂದು ಬುದ್ಧಿಯನ್ನು ಕಲ್ಪಿಸಿಕೊಂಡ. ಈ ಕ್ಷಣ ಪ್ರಕೃತಿಯಲ್ಲಿರುವ ಎಲ್ಲ ಬಲಗಳೂ ಎಲ್ಲ ವಸ್ತುಗಳು ಇರುವ ಜಾಗವೂ ಅದಕ್ಕೆ ಗೊತ್ತು, ಲೆಕ್ಕ ಹಾಕುವ ಶಕ್ತಿಯೂ ಇದೆ. ಅಂಥ ಬುದ್ಧಿಗೆ ಅನಿಶ್ಚಿತವಾದದ್ದು ಏನೂ ಇರುವುದಿಲ್ಲ, ನಾಳೆ ಎನ್ನುವುದು ನಿನ್ನೆಯಷ್ಟೇ ಕಣ್ಣೆದುರಿಗಿರುತ್ತದೆ ಎಂದ. ಪ್ರತಿಯೊಂದು ಸ್ಥಿತಿಯೂ ಹಿಂದಿನ ಸ್ಥಿತಿ ಮತ್ತು ನಿಸರ್ಗದ ನಿಯಮಗಳಿಂದ ಹುಟ್ಟುತ್ತದೆ, ಬೇರೆ ಥರ ಆಗಲು ಎಡೆಯಿಲ್ಲ. ಇದನ್ನೇ ನಿಯತಿವಾದ ಎನ್ನುತ್ತಾರೆ.

ಇದನ್ನು ಹಣೆಬರಹದ ಜೊತೆ ಕಲಸಬಾರದು. ಈ ಗೊಂದಲ ಬಹಳ ಹಳೆಯದು, ಇವತ್ತಿಗೂ ಎಷ್ಟೋ ಜನರನ್ನು ಕೈಕಟ್ಟಿ ಕೂರಿಸುತ್ತದೆ. ಗ್ರೀಕರು ಒಂದು ವಾದವನ್ನು ‘ಸೋಮಾರಿಯ ವಾದ’ ಎಂದು ಕರೆದರು. ನನ್ನ ರೋಗ ವಾಸಿಯಾಗಬೇಕೆಂದು ಇದ್ದರೆ ವೈದ್ಯರನ್ನು ಕರೆದರೂ ಆಗುತ್ತದೆ, ಕರೆಯದಿದ್ದರೂ ಆಗುತ್ತದೆ. ಆಗಬಾರದೆಂದು ಇದ್ದರೆ ಕರೆದೂ ಪ್ರಯೋಜನವಿಲ್ಲ. ಹಾಗಾದರೆ ಕರೆಯುವುದು ಯಾಕೆ? ಕ್ರಿಸ್ತಪೂರ್ವ 3ನೇ ಶತಮಾನದ ಸ್ಟೋಯಿಕ್ ಚಿಂತಕ ಕ್ರಿಸಿಪ್ಪಸ್ ಇದಕ್ಕೆ ಕೊಟ್ಟ ಉತ್ತರ ನನಗೆ ತುಂಬ ಇಷ್ಟ. ವಾಸಿಯಾಗುವುದು ನಿಶ್ಚಯವಾಗಿದ್ದರೆ, ವೈದ್ಯರನ್ನು ಕರೆಯುವುದೂ ಅದರ ಜೊತೆಗೇ ನಿಶ್ಚಯವಾಗಿದೆ, ಎರಡಕ್ಕೂ ಗಂಟು ಬಿದ್ದಿದೆ ಎಂದ ಆತ. ವಿಧಿ ನನ್ನ ಪ್ರಯತ್ನವನ್ನು ಬಳಸಿಕೊಳ್ಳದೆ ಹಿಂಬಾಗಿಲಿನಿಂದ ಬರುತ್ತದೆ. ನಿಯತಿವಾದದಲ್ಲಿ ಹಾಗಲ್ಲ, ಅಲ್ಲಿ ಜಗತ್ತು ನಡೆಯುವುದೇ ನನ್ನ ಪ್ರಯತ್ನದ ಮೂಲಕ. ನಾನು ಯೋಚಿಸುವುದು, ಅಳೆದು ತೂಗುವುದು, ಮನಸ್ಸು ಗಟ್ಟಿಮಾಡುವುದು ಎಲ್ಲವೂ ಆ ಸರಪಳಿಯ ಕೊಂಡಿಗಳೇ. ಆದ್ದರಿಂದ ‘ಎಲ್ಲಕ್ಕೂ ಕಾರಣವಿದೆ, ನಾನು ಸುಮ್ಮನಿರುತ್ತೇನೆ’ ಎನ್ನುವವನು ನಿಯತಿವಾದಿಯಲ್ಲ, ಅವನ ಲೆಕ್ಕದಲ್ಲಿ ತನ್ನ ಸುಮ್ಮನಿರುವಿಕೆಗೆ ಮಾತ್ರ ಏನೂ ಪರಿಣಾಮವಿಲ್ಲ.

ಸೋಮಾರಿಯ ವಾದ ಬಿತ್ತು. ಆದರೆ ಹೊಣೆಯ ಕಷ್ಟ ಹಾಗೇ ಇದೆ. ಅಮೆರಿಕದ ಚಿಂತಕ ಪೀಟರ್ ವ್ಯಾನ್ ಇನ್ವಾಗನ್ 1983ರ ಗ್ರಂಥದಲ್ಲಿ ಅದನ್ನು ಬಿಗಿಯಾಗಿ ಕಟ್ಟಿದರು. ನಿಯತಿವಾದ ನಿಜವಾದರೆ, ನನ್ನ ಇಂದಿನ ಕೆಲಸ ನಾನು ಹುಟ್ಟುವ ಮುಂಚಿನ ಜಗತ್ತು ಮತ್ತು ನಿಸರ್ಗನಿಯಮ ಇವೆರಡರ ಫಲ. ಹುಟ್ಟುವ ಮುಂಚೆ ನಡೆದದ್ದು ನನ್ನ ಕೈಯಲ್ಲಿಲ್ಲ. ನಿಸರ್ಗನಿಯಮವೂ ನನ್ನ ಕೈಯಲ್ಲಿಲ್ಲ. ಹಾಗಾದರೆ ಅವುಗಳ ಫಲ ನನ್ನ ಕೈಯಲ್ಲಿರುವುದು ಹೇಗೆ? ಮನೆಗೆ ಹೋಗಿ ಇದರಲ್ಲಿ ಬಿರುಕು ಹುಡುಕಿ ನೋಡಿ. ಹುಡುಕಿದವರು ಬಹಳ ಮಂದಿ ಇದ್ದಾರೆ, ಎಲ್ಲರೂ ಒಪ್ಪುವ ಬಿರುಕು ಇನ್ನೂ ಸಿಕ್ಕಿಲ್ಲ.

ಇಷ್ಟು ಹೇಳಿದಾಗ ಯಾರಾದರೊಬ್ಬರು ಕ್ವಾಂಟಂ ಭೌತವಿಜ್ಞಾನವನ್ನು ತಂದೇ ತರುತ್ತಾರೆ. ಅಣುವಿನೊಳಗೆ ಆಕಸ್ಮಿಕವಿದೆ, ಲಪ್ಲಾಸನ ಲೆಕ್ಕ ಅಲ್ಲಿ ನಡೆಯುವುದಿಲ್ಲ, ಆದ್ದರಿಂದ ನಾವು ಸ್ವತಂತ್ರರು ಎಂದು. ಪರಮಾಣುಗಳು ಆಗಾಗ ಕಾರಣವಿಲ್ಲದೆ ದಾರಿಯಿಂದ ಒಂದಿಷ್ಟು ಓರೆಯಾಗುತ್ತವೆ ಎಂದು ಗ್ರೀಕ್ ಚಿಂತಕ ಎಪಿಕ್ಯೂರಸನ ಪಂಥದವರೂ ಎರಡು ಸಾವಿರ ವರ್ಷಗಳ ಹಿಂದೆ ಇದೇ ಆಸೆಯಿಂದ ಹೇಳಿದ್ದರು. ಇದರಿಂದ ಸಹಾಯವಾಗುವುದಿಲ್ಲ. ನಾನು ಸುಳ್ಳು ಹೇಳಿದ್ದು ನನ್ನ ಮಿದುಳಲ್ಲಿ ಏನೋ ಆಕಸ್ಮಿಕವಾಗಿ ಆಚೀಚೆ ಆದದ್ದರಿಂದ ಎಂದರೆ, ಅದು ಇನ್ನಷ್ಟು ‘ತಪ್ಪಾಯ್ತು’ ಆಯಿತೇ ಹೊರತು ‘ತಪ್ಪು ಮಾಡಿದೆ’ ಆಗಲಿಲ್ಲ. ಸರಪಳಿ ಕಡಿದ ಮಾತ್ರಕ್ಕೆ ಆ ಜಾಗದಲ್ಲಿ ‘ನಾನು’ ಬಂದು ಕೂರುವುದಿಲ್ಲ.

ಮಿದುಳಿನ ಪ್ರಯೋಗಗಳ ಬಗ್ಗೆ ಬೇಗ ಹೇಳಿ ಮುಂದೆ ಹೋಗುತ್ತೇನೆ, ಯಾಕೆಂದರೆ ಅವುಗಳಿಗೆ ಸಲ್ಲಬೇಕಾದ್ದಕ್ಕಿಂತ ಹೆಚ್ಚು ತೂಕ ಸಂದಿದೆ. 1983ರಲ್ಲಿ ಅಮೆರಿಕದ ನರವಿಜ್ಞಾನಿ ಬೆಂಜಮಿನ್ ಲಿಬೆಟ್ ತಂಡದವರು ಜನರನ್ನು ಕೂರಿಸಿ, ಬೇಕೆನಿಸಿದಾಗ ಕೈ ಆಡಿಸಿ, ಬೇಕೆನಿಸಿದ ಕ್ಷಣವನ್ನು ಗಡಿಯಾರದಲ್ಲಿ ನೋಡಿ ಹೇಳಿ ಎಂದರು. ಕೈ ಆಡುವುದಕ್ಕೆ ಸುಮಾರು 200 ಮಿಲಿಸೆಕೆಂಡ್ ಮೊದಲು ತಮಗೆ ಬೇಕೆನಿಸಿತು ಎಂದರು ಜನ. ಮಿದುಳಿನಲ್ಲಿ ಸಿದ್ಧತೆಯ ವಿದ್ಯುತ್ ಸಂಕೇತ ಏಳತೊಡಗಿದ್ದು ಸುಮಾರು 550 ಮಿಲಿಸೆಕೆಂಡ್ ಮೊದಲು. ನಿಮಗೆ ಗೊತ್ತಾಗುವ ಮುಂಚೆಯೇ ಮಿದುಳು ತೀರ್ಮಾನಿಸಿಬಿಟ್ಟಿದೆ ಎಂದು ಜಗತ್ತೆಲ್ಲ ಸುದ್ದಿಯಾಯಿತು. 2012ರಲ್ಲಿ ಆರನ್ ಶೂರ್ಗರ್ ಮತ್ತು ಸಂಗಡಿಗರು ಬೇರೆ ವಿವರಣೆ ಕೊಟ್ಟರು: ಆ ಸಂಕೇತವನ್ನು ಆಗಲೇ ಆಗಿಹೋದ ತೀರ್ಮಾನ ಎಂದು ಓದಬೇಕಿಲ್ಲ, ಮಿದುಳಿನ ಸಹಜ ಏರಿಳಿತ ನಿಧಾನವಾಗಿ ಮಟ್ಟ ಮುಟ್ಟುವುದೂ ಹಾಗೇ ಕಾಣುತ್ತದೆ. ಇದೆಲ್ಲಕ್ಕಿಂತ ಮುಖ್ಯವಾಗಿ, ಕಾರಣವೇ ಇಲ್ಲದೆ ಕೈ ಆಡಿಸುವುದು ಒಂದು ತೀರ್ಮಾನವೇ? ಮುಪ್ಪಿನ ತಾಯಿಯನ್ನು ನೋಡಿಕೊಳ್ಳಲು ಕೆಲಸ ಬಿಡಬೇಕೋ ಬೇಡವೋ ಎಂದು ತಿಂಗಳುಗಟ್ಟಲೆ ನಿದ್ದೆಗೆಟ್ಟು ಯೋಚಿಸುತ್ತೇವಲ್ಲ, ಅದು ತೀರ್ಮಾನ. ಅದು ಅರ್ಧ ಸೆಕೆಂಡಿನೊಳಗೆ ಸಿಗುವುದಿಲ್ಲ.

ಹಾಗಾದರೆ ಹೊಣೆಗೆ ಬೇಕಾದದ್ದು ಏನು? ‘ಬೇರೆ ಥರ ಮಾಡಬಹುದಿತ್ತು’ ಎನ್ನುವುದೇ ಎಂದು ನಮಗೆಲ್ಲ ಅನಿಸುತ್ತದೆ. ಇಂಗ್ಲೆಂಡಿನ ಚಿಂತಕ ಜಾನ್ ಲಾಕ್ 17ನೇ ಶತಮಾನದಲ್ಲಿ ಇದಕ್ಕೊಂದು ಒಳ್ಳೆಯ ಚಿತ್ರ ಬರೆದ. ನಿದ್ದೆಯಲ್ಲಿದ್ದ ಒಬ್ಬನನ್ನು ಹೊತ್ತು ತಂದು ಒಂದು ಕೋಣೆಯಲ್ಲಿ ಮಲಗಿಸಿ ಹೊರಗಿನಿಂದ ಬೀಗ ಹಾಕುತ್ತಾರೆ. ಅವನು ಬಹುಕಾಲದಿಂದ ನೋಡಬೇಕೆಂದಿದ್ದ ವ್ಯಕ್ತಿ ಒಳಗಿದ್ದಾರೆ. ಎಚ್ಚರವಾದ ಮೇಲೆ ಸಂತೋಷದಿಂದ ಮಾತಾಡುತ್ತ ಕೂರುತ್ತಾನೆ. ಬಾಗಿಲ ಕಡೆ ತಿರುಗಿಯೂ ನೋಡುವುದಿಲ್ಲ. ಹೊರಗೆ ಹೋಗಲು ಅವನಿಗೆ ಆಗುತ್ತಿರಲಿಲ್ಲ, ಆದರೂ ಉಳಿದದ್ದು ಅವನ ಇಷ್ಟದಿಂದಲೇ. 1969ರಲ್ಲಿ ಅಮೆರಿಕದ ಚಿಂತಕ ಹ್ಯಾರಿ ಫ್ರಾಂಕ್‌ಫರ್ಟ್ ಇದನ್ನು ಇನ್ನೂ ಮುಂದಕ್ಕೆ ಒಯ್ದರು. ಒಬ್ಬ ಒಂದು ಕೆಟ್ಟ ಕೆಲಸ ಮಾಡಲು ಹೊರಟಿದ್ದಾನೆ. ಮರೆಯಲ್ಲಿ ಇನ್ನೊಬ್ಬ ಕಾಯುತ್ತಿದ್ದಾನೆ. ಇವನೇನಾದರೂ ಹಿಂಜರಿದರೆ ಹೇಗಾದರೂ ಮಾಡಿ ಇವನಿಂದಲೇ ಅದನ್ನು ಮಾಡಿಸಲು ಸಿದ್ಧನಾಗಿದ್ದಾನೆ. ಆದರೆ ಇವನು ಹಿಂಜರಿಯಲೇ ಇಲ್ಲ, ತಾನಾಗಿಯೇ ಮಾಡಿದ, ಮರೆಯಲ್ಲಿದ್ದವನು ಬೆರಳೂ ಎತ್ತಲಿಲ್ಲ. ಬೇರೆ ದಾರಿ ಇವನಿಗೆ ಇರಲಿಲ್ಲ ನಿಜ. ಹಾಗೆಂದು ಹೊಣೆಯಿಂದ ಬಿಡುತ್ತೀರಾ? ನನಗಂತೂ ಬಿಡಲಾಗುವುದಿಲ್ಲ.

ಎರಡು ವರ್ಷ ಕಳೆದು ಅದೇ ಫ್ರಾಂಕ್‌ಫರ್ಟ್ ಇನ್ನೊಂದು ಮಾತು ಹೇಳಿದರು, ಅದು ಕನ್ನಡದಲ್ಲಿ ಇನ್ನೂ ಚೆನ್ನಾಗಿ ಹೊಂದುತ್ತದೆ. ಇಬ್ಬರು ವ್ಯಸನಿಗಳು. ಇಬ್ಬರಿಗೂ ಮಾದಕವಸ್ತು ಬೇಕು ಅನಿಸುತ್ತದೆ, ಇಬ್ಬರೂ ತೆಗೆದುಕೊಳ್ಳುತ್ತಾರೆ. ಒಬ್ಬನಿಗೆ ಆ ಬೇಕೆನಿಸುವಿಕೆಯ ಬಗ್ಗೆ ತಕರಾರಿಲ್ಲ. ಇನ್ನೊಬ್ಬನಿಗೆ ಬೇಕು ಅನಿಸುವುದೇ ಬೇಡವಾಗಿದೆ. ‘ಬೇಕು’ ಎನ್ನುವುದರ ಮೇಲೆ ನಿಂತು ‘ಈ ಬೇಕು ನನಗೆ ಬೇಡ’ ಎನ್ನಬಲ್ಲ ಪ್ರಾಣಿ ಮನುಷ್ಯ. ಆ ಎರಡನೆಯ ‘ಬೇಡ’ ಕೈಕಾಲುಗಳವರೆಗೆ ಇಳಿಯದೆ ಹೋದಾಗ ಅವನು ತನ್ನೊಳಗೇ ಸೆರೆಯಾಳು. ವ್ಯಸನದ ಜೊತೆ ಹೆಣಗುತ್ತಿರುವವರ ಪಕ್ಕದಲ್ಲಿ ಬದುಕಿದವರಿಗೆ ನಾನು ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ನಿಜ ಪ್ರಕರಣ ಹೇಳುತ್ತೇನೆ. 2003ರಲ್ಲಿ ಅಮೆರಿಕದ ಇಬ್ಬರು ನರವೈದ್ಯರು ಪ್ರಕಟಿಸಿದ್ದು. ನಲವತ್ತರ ವಯಸ್ಸಿನ ಒಬ್ಬ ಶಾಲಾ ಶಿಕ್ಷಕ, ಹಿಂದೆಂದೂ ಅಂಥ ನಡತೆ ಇಲ್ಲದವನು, ಮಕ್ಕಳ ಬಗ್ಗೆ ವಿಕೃತವಾಗಿ ವರ್ತಿಸತೊಡಗಿದ. ಮಲಮಗಳ ಜೊತೆಗೂ ಹಾಗೆ ನಡೆದುಕೊಂಡ. ಅಪರಾಧ ಸಾಬೀತಾಯಿತು. ಶಿಕ್ಷೆ ಪ್ರಕಟವಾಗುವ ಹಿಂದಿನ ಸಂಜೆ ತಲೆನೋವೆಂದು ಆಸ್ಪತ್ರೆಗೆ ಬಂದ. ಕಣ್ಣುಗಳ ಮೇಲ್ಭಾಗದ ಮಿದುಳಿನಲ್ಲಿ, ಬೇಕೆನಿಸಿದ್ದನ್ನು ತಡೆಹಿಡಿಯಲು ನೆರವಾಗುವ ಜಾಗದಲ್ಲಿ, ದೊಡ್ಡ ಗಡ್ಡೆ ಸಿಕ್ಕಿತು. ತೆಗೆದರು, ಆಸೆ ಹೋಯಿತು. ಕೆಲ ತಿಂಗಳ ಮೇಲೆ ತಲೆನೋವೂ ಹಳೆಯ ಚಾಳಿಯೂ ಮರಳಿದವು. ನೋಡಿದರೆ ಗಡ್ಡೆ ಮತ್ತೆ ಬೆಳೆದಿತ್ತು. ಮತ್ತೆ ತೆಗೆದರು.

ಇದರಲ್ಲಿ ನನ್ನನ್ನು ಕಾಡುವುದು ಗಡ್ಡೆಯಲ್ಲ. ತಾನು ಮಾಡುತ್ತಿರುವುದು ತಪ್ಪೆಂದು ಆ ಮನುಷ್ಯನಿಗೆ ಗೊತ್ತಿತ್ತು. 1843ರಲ್ಲಿ ಲಂಡನ್ನಿನಲ್ಲಿ ಪ್ರಧಾನಿಯ ಕಾರ್ಯದರ್ಶಿಯನ್ನು ಕೊಂದ ಮಕ್‌ನಾಟನ್ ಎಂಬವನು ಬುದ್ಧಿಭ್ರಮಣೆಯ ಕಾರಣಕ್ಕೆ ಖುಲಾಸೆಯಾದ ನಂತರ ನ್ಯಾಯಾಧೀಶರು ರೂಪಿಸಿದ ನಿಯಮ ಕೇಳುವುದು ಮುಖ್ಯವಾಗಿ ಇಷ್ಟನ್ನೇ: ಏನು ಮಾಡುತ್ತಿದ್ದೇನೆ ಎಂದು ಅವನಿಗೆ ತಿಳಿದಿತ್ತೇ, ಅದು ತಪ್ಪೆಂದು ತಿಳಿದಿತ್ತೇ? ಈ ಶಿಕ್ಷಕನಿಗೆ ಎರಡೂ ತಿಳಿದಿತ್ತು. ತಿಳಿವಳಿಕೆ ಇತ್ತು, ತಡೆಯುವ ಕೈ ಇರಲಿಲ್ಲ. ಆದ್ದರಿಂದ ತಿಳಿದಿರುವುದೊಂದೇ ಹೊಣೆಗೆ ಸಾಲದು ಎಂದು ನನಗೆ ತೋರುತ್ತದೆ.

ಇಲ್ಲಿ ಜಾರುಬಂಡೆ ಶುರುವಾಗುತ್ತದೆ. ಗಡ್ಡೆ ಬಿಡುಗಡೆ ಕೊಡುವುದಾದರೆ ಹುಟ್ಟಿನಿಂದ ಬಂದ ಸಿಡುಕು ಯಾಕೆ ಕೊಡಬಾರದು? ಹೊಡೆತ ತಿಂದು ಬೆಳೆದ ಬಾಲ್ಯ ಯಾಕೆ ಕೊಡಬಾರದು? ಕೊನೆಗೆ ಎಲ್ಲರ ಮಿದುಳಿನಲ್ಲೂ ಏನೋ ಒಂದು ಕಾರಣ ಇದ್ದೇ ಇರುತ್ತದಲ್ಲ. ನನ್ನ ಉತ್ತರ ಇದು. ಗಡ್ಡೆ ಅವನನ್ನು ಬಿಡಿಸಿದ್ದು ಅದು ಕಾರಣ ಎಂಬುದಕ್ಕಲ್ಲ. ‘ಬೇಡ, ಇದು ಮಗು’ ಎಂಬ ಮಾತು ಅವನ ನಡತೆಯನ್ನು ಮುಟ್ಟುವ ದಾರಿಯನ್ನು ಅದು ಕಡಿದುಹಾಕಿತ್ತು. ನನ್ನಲ್ಲೂ ನಿಮ್ಮಲ್ಲೂ ಕಾರಣಗಳಿವೆ. ಆದರೆ ನಿಮಗೆ ಯಾರಾದರೂ ‘ಹಾಗೆ ಮಾತಾಡಿದರೆ ಅವಳಿಗೆ ನೋವಾಗುತ್ತದೆ’ ಎಂದರೆ, ಆ ಮಾತೂ ಒಂದು ಕಾರಣವಾಗಿ ಒಳಗಿಳಿದು ಕೆಲಸ ಮಾಡಬಲ್ಲದು. ಆ ದಾರಿ ಎಷ್ಟು ತೆರೆದಿದೆಯೋ ಹೊಣೆ ಅಷ್ಟು. ಬಾಲ್ಯದ ಕ್ರೌರ್ಯ ಕೆಲವರಲ್ಲಿ ಆ ದಾರಿಯನ್ನು ಅರ್ಧಕ್ಕರ್ಧ ಮುಚ್ಚಿರುತ್ತದೆ. ಹಾಗಿದ್ದರೆ ಹೊಣೆಯೂ ಅರ್ಧ ಎನ್ನಲು ನಾನು ಹಿಂಜರಿಯುವುದಿಲ್ಲ.

ಇಂಗ್ಲೆಂಡಿನ ಚಿಂತಕ ಗ್ಯಾಲೆನ್ ಸ್ಟ್ರಾಸನ್ ಇಲ್ಲಿ ಎದ್ದು ನಿಲ್ಲುತ್ತಾರೆ. 1994ರ ಅವರ ವಾದ ಚಿಕ್ಕದು. ನೀವು ಮಾಡುವುದು ನೀವು ಇರುವ ಬಗೆಯಿಂದ ಬರುತ್ತದೆ. ಮಾಡಿದ್ದಕ್ಕೆ ಪೂರ್ತಿ ಹೊಣೆ ಆಗಬೇಕಾದರೆ ನೀವು ಇರುವ ಬಗೆಗೂ ನೀವೇ ಹೊಣೆಯಾಗಿರಬೇಕು. ಅಂದರೆ ನಿಮ್ಮನ್ನು ನೀವೇ ರೂಪಿಸಿಕೊಂಡಿರಬೇಕು. ಹಾಗೆ ರೂಪಿಸಿಕೊಳ್ಳಲು ಹೊರಟಾಗಲೂ ಆಗ ಇದ್ದ ಬಗೆಯಿಂದಲೇ ಹೊರಟಿರುತ್ತೀರಿ. ಹಿಂದೆ ಹಿಂದೆ ಹೋದರೆ ಕೊನೆಗೆ ನೀವು ಆರಿಸದ ಒಂದು ಜಾಗಕ್ಕೆ ಮುಟ್ಟುತ್ತೀರಿ. ಇದರಲ್ಲಿ ನಿಯತಿವಾದದ ಮಾತೇ ಇಲ್ಲ ನೋಡಿ, ಅದು ನಿಜವಾದರೂ ಸುಳ್ಳಾದರೂ ಈ ವಾದ ನಿಲ್ಲುತ್ತದೆ. ಇದು ಸರಿ ಎಂದೇ ನನಗನಿಸುತ್ತದೆ. ನನ್ನನ್ನು ನಾನು ಮಾಡಿಕೊಂಡಿಲ್ಲ.

ಇವರ ತಂದೆ ಪೀಟರ್ ಸ್ಟ್ರಾಸನ್. ಮಗನಿಗಿಂತ ಮೂರು ದಶಕ ಮೊದಲು, 1962ರಲ್ಲಿ, ಅವರು ಬೇರೆಯೇ ದಾರಿ ಹಿಡಿದಿದ್ದರು. ಅದನ್ನು ಹೇಳುವ ಮುಂಚೆ ಅದಕ್ಕಿಂತ ಬಹಳ ಹಳೆಯ ಒಂದು ಕಥೆ. ಜೈನ ಆಗಮಗಳಲ್ಲಿ ಒಂದಾದ ಉಪಾಸಕದಶಾದಲ್ಲಿ ಬರುತ್ತದೆ. ಸದ್ದಾಲಪುತ್ರ ಎಂಬ ಸಿರಿವಂತ ಕುಂಬಾರ ಆಜೀವಿಕ ಪಂಥದವನು, ಮಕ್ಖಲಿ ಗೋಸಾಲನ ಅನುಯಾಯಿ. ಪ್ರಯತ್ನ ಎಂಬುದಿಲ್ಲ, ಪುರುಷಕಾರ ಎಂಬುದಿಲ್ಲ, ಎಲ್ಲವೂ ನಿಯತಿ ಎಂಬ ಮತ. ಅವರ ನಿಯತಿ ನಾನು ಆಗಲೇ ಹೇಳಿದ ವಿಧಿಗೆ ಹತ್ತಿರವಾದದ್ದು. ಗಡಿಗೆಗಳನ್ನು ಒಣಗಲು ಹಾಕಿದ್ದ ಅವನನ್ನು ಮಹಾವೀರ ಕೇಳುತ್ತಾನೆ: ಇವು ಪ್ರಯತ್ನದಿಂದ ಆದವೋ, ಪ್ರಯತ್ನವಿಲ್ಲದೆ ಆದವೋ? ಪ್ರಯತ್ನವಿಲ್ಲದೆ, ಎಲ್ಲವೂ ನಿಯತ ಎನ್ನುತ್ತಾನೆ ಕುಂಬಾರ. ಸರಿ, ಯಾರಾದರೂ ಬಂದು ನಿನ್ನ ಗಡಿಗೆಗಳನ್ನು ಕದ್ದರೆ, ಒಡೆದರೆ, ನಿನ್ನ ಹೆಂಡತಿಯ ಮೇಲೆ ಕೈ ಹಾಕಿದರೆ ಏನು ಮಾಡುವೆ? ಬೈಯುತ್ತೇನೆ, ಹೊಡೆಯುತ್ತೇನೆ, ಕೊಂದೇಬಿಡುತ್ತೇನೆ. ನಿನ್ನ ಮತದ ಪ್ರಕಾರ ಗಡಿಗೆ ಯಾರೂ ಒಡೆಯಲಿಲ್ಲವಲ್ಲ, ಮತ್ತೆ ಬೈಯುವುದು ಯಾರನ್ನು?

ಪೀಟರ್ ಸ್ಟ್ರಾಸನ್ ಹೇಳಿದ್ದೂ ಇದೇ ದಿಕ್ಕಿನದು. ಯಾರಾದರೂ ಬೇಕೆಂದೇ ಕಾಲು ತುಳಿದರೆ ನಮಗೆ ಬರುವ ಅಸಮಾಧಾನ, ಸಹಾಯ ಮಾಡಿದರೆ ಹುಟ್ಟುವ ಕೃತಜ್ಞತೆ, ನಮ್ಮದೇ ತಪ್ಪಿಗೆ ಆಗುವ ನಾಚಿಕೆ, ಇವುಗಳಿಂದಲೇ ಮನುಷ್ಯ ಸಂಬಂಧ ಹೆಣೆದಿದೆ. ಒಬ್ಬರನ್ನು ಹೊಣೆ ಎಂದು ಕಾಣುವುದೆಂದರೆ ಈ ಹೆಣಿಗೆಯೊಳಗೆ ಕಾಣುವುದು. ಭೌತವಿಜ್ಞಾನದ ಒಂದು ಸಿದ್ಧಾಂತ ಕೇಳಿ ನಾವು ಇದರಿಂದ ಎದ್ದು ಹೊರಗೆ ಹೋಗಲಾರೆವು. ಕೆಲವರನ್ನು, ಕೆಲವೊಮ್ಮೆ, ಹೊರಗಿಟ್ಟು ನೋಡುತ್ತೇವೆ: ಮಗುವನ್ನು, ಸನ್ನಿಯಲ್ಲಿರುವವರನ್ನು. ಎಲ್ಲರನ್ನೂ ಯಾವಾಗಲೂ ಹಾಗೆ ನೋಡಿದರೆ ಸ್ನೇಹ, ಪ್ರೀತಿ, ಜಗಳ ಯಾವುದೂ ಉಳಿಯುವುದಿಲ್ಲ.

ನಾನು ಅರ್ಧ ದಾರಿ ಇವರ ಜೊತೆ ಬರುತ್ತೇನೆ. ಬಿಡಲಾಗುವುದಿಲ್ಲ ಎನ್ನುವುದು ನಿಜ, ಆದರೆ ಬಿಡಲಾಗದ್ದೆಲ್ಲ ಸರಿಯಾದದ್ದೇ ಆಗಬೇಕಿಲ್ಲ. ಕುಂಬಾರನಿಗೆ ಕೊಲ್ಲುವಷ್ಟು ಸಿಟ್ಟು ಬಂತು ಎಂಬುದರಿಂದ ಕೊಲ್ಲುವುದು ಸರಿ ಎಂದು ಸಿದ್ಧವಾಗಲಿಲ್ಲ. ಮಗನ ಪ್ರಶ್ನೆಗೆ ತಂದೆಯ ಮಾತು ಪೂರ್ತಿ ಉತ್ತರವಲ್ಲ. ಉಳಿದ ಅರ್ಧ ದಾರಿಯನ್ನು ನನಗೆ ತೋರಿಸಿದ್ದು ಒಂದು ಕನ್ನಡ ಪದ.

ಹೊಣೆ. ಹಳಗನ್ನಡದಲ್ಲಿ ಪೊಣೆ. ಕಿಟೆಲ್ ನಿಘಂಟು ತೆರೆದು ನೋಡಿದರೆ ಅಲ್ಲಿರುವ ಅರ್ಥ ಜಾಮೀನು. ಇನ್ನೊಬ್ಬರ ಸಾಲಕ್ಕೆ ಹೊಣೆ ನಿಲ್ಲುವುದು. ಹೊಣೆ ನಿಂತವನು ಸಾಲ ಮಾಡಿದವನಲ್ಲ. ಆ ಸಾಲಕ್ಕೆ ಅವನು ಕಾರಣನೂ ಅಲ್ಲ, ಆ ದುಡ್ಡನ್ನು ಅವನು ಕಣ್ಣಲ್ಲೂ ಕಂಡಿಲ್ಲ. ಆದರೂ ‘ಅವನು ಕೊಡದಿದ್ದರೆ ನಾನು ಕೊಡುತ್ತೇನೆ’ ಎಂದಿದ್ದಾನೆ, ಆದ್ದರಿಂದ ಕೊಡಬೇಕು. ಗ್ಯಾಲೆನ್ ಸ್ಟ್ರಾಸನ್ ಕೇಳುವ ಹೊಣೆ ಮೂಲಕಾರಣನಾಗಿರುವ ಹೊಣೆ. ಅದು ಯಾರಿಗೂ ಇಲ್ಲ, ಒಪ್ಪುತ್ತೇನೆ. ಆದರೆ ಈ ಪದದೊಳಗೆ ಕೂತಿರುವ ಹೊಣೆಗೆ ಮೂಲಕಾರಣ ಬೇಕಾಗಿಯೇ ಇಲ್ಲ. ಈ ಸಿಡುಕನ್ನು, ಈ ಆಸೆಗಳನ್ನು, ಈ ಮಿದುಳನ್ನು ನಾನು ಮಾಡಲಿಲ್ಲ. ಆದರೆ ಇದನ್ನೆಲ್ಲ ಹೊತ್ತ ಈ ಮನುಷ್ಯನಿಗೆ ನಾನು ಹೊಣೆ ನಿಂತಿದ್ದೇನೆ.

ಯಾವಾಗ ಸಹಿ ಹಾಕಿದೆ ಎಂದು ಕೇಳುತ್ತೀರಿ, ಕೇಳಲೇಬೇಕು. ಒಂದೇ ದಿನ ಹಾಕಲಿಲ್ಲ. ‘ನಾಳೆ ಬರುತ್ತೇನೆ, ನಂಬಿ’ ಎಂದಾಗ ಒಂದಿಷ್ಟು ಹಾಕಿದೆ. ಗುಟ್ಟು ಕಾಯುತ್ತೇನೆ ಎಂದಾಗ, ಪ್ರೀತಿಸುತ್ತೇನೆ ಎಂದಾಗ, ‘ನೀನು ನನಗೆ ಹೀಗೆ ಮಾಡಬಾರದಿತ್ತು’ ಎಂದು ಇನ್ನೊಬ್ಬರನ್ನು ಕೇಳಿದಾಗ ಕೂಡ ಹಾಕಿದೆ. ನಿಮ್ಮಿಂದ ಲೆಕ್ಕ ಕೇಳುವವನು ತಾನೂ ಲೆಕ್ಕ ಕೊಡುತ್ತೇನೆಂದು ಒಪ್ಪಿರುತ್ತಾನೆ. ಮಗು ಹುಟ್ಟಿದಾಗ ಅದಕ್ಕೆ ತಾಯಿತಂದೆ ಹೊಣೆ. ಅದು ಬೆಳೆದಂತೆ ಸ್ವಲ್ಪ ಸ್ವಲ್ಪವಾಗಿ ಪತ್ರವನ್ನು ಅವರ ಕೈಯಿಂದ ತನ್ನ ಕೈಗೆ ತೆಗೆದುಕೊಳ್ಳುತ್ತದೆ. ಕೆಲವರಿಗೆ ಆ ಪತ್ರ ಕೊಡುವವರೇ ಇರುವುದಿಲ್ಲ. ಕೆಲವರ ಪಾಲಿಗೆ ಬಂದ ಸಾಲ ವಿಪರೀತ ದೊಡ್ಡದು, ತೀರಿಸುವ ಶಕ್ತಿ ಚಿಕ್ಕದು. ಇದು ಅನ್ಯಾಯವೇ. ಹಗುರವಾದ ಸಾಲಕ್ಕೆ ಹೊಣೆ ನಿಂತ ನನ್ನಂಥವರು ಅವರ ಕಡೆ ಬೆರಳು ತೋರಿಸುವಾಗ ಇದನ್ನು ಮರೆಯುವುದು ಇನ್ನೂ ದೊಡ್ಡ ಅನ್ಯಾಯ.

ಹೀಗೆ ನೋಡಿದರೆ ಶಿಕ್ಷೆಯ ಬಗ್ಗೆ ಒಂದು ವಿಷಯ ನನಗೆ ಖಚಿತವಾಗುತ್ತದೆ. ಹೊಣೆ ನಿಂತವನು ಸಾಲ ತೀರಿಸಬೇಕು: ಹಾನಿ ಸರಿಪಡಿಸಬೇಕು, ನೊಂದವರ ಮುಂದೆ ನಿಂತು ಹೇಳಬೇಕು, ತಾನು ಬದಲಾಗಬೇಕು. ಅಪಾಯ ತಪ್ಪುವವರೆಗೆ ಅವನನ್ನು ತಡೆದಿಡಬೇಕಾಗಬಹುದು. ಆದರೆ ಅವನು ನರಳಿದರೆ ಸಾಲ ತೀರುವುದಿಲ್ಲ. ‘ಅನುಭವಿಸಲಿ ಅವನು’ ಎಂದು ನಮ್ಮೊಳಗಿನಿಂದ ಏಳುತ್ತದಲ್ಲ, ಅದಕ್ಕೆ ಆಧಾರ ಬೇಕಿದ್ದರೆ ಅವನು ತನ್ನ ಕೆಡುಕಿನ ಮೂಲಕಾರಣನಾಗಿರಬೇಕು. ಅದು ಯಾರೂ ಅಲ್ಲ ಎಂದು ಆಗಲೇ ನೋಡಿದೆವು. ಡರ್ಕ್ ಪೆರಬೂಮ್ ಎಂಬ ಚಿಂತಕರು ಅಪರಾಧಿಯನ್ನು ಸೋಂಕುರೋಗಿಯಂತೆ ಬೇರೆ ಇಡಬೇಕು, ಅದಕ್ಕಿಂತ ಹೆಚ್ಚಿನ ನೋವು ಕೊಡಬಾರದು ಎನ್ನುತ್ತಾರೆ. ಹೆಚ್ಚಿನ ನೋವು ಬೇಡ ಎನ್ನುವುದನ್ನು ಒಪ್ಪುತ್ತೇನೆ. ಆದರೆ ಸೋಂಕುರೋಗಿಯಿಂದ ನಾವು ಕ್ಷಮೆ ಕೇಳಿಸುವುದಿಲ್ಲ. ತಪ್ಪು ಮಾಡಿದವನಿಂದ ಆ ಮಾತು ಬರಬೇಕೆಂದು ಕಾಯುತ್ತೇವೆ, ಕಾಯುವುದು ಸರಿ. ಕಾಯುವುದನ್ನು ಬಿಟ್ಟರೆ ಅವನನ್ನು ಮನುಷ್ಯನೆಂದು ನೋಡುವುದನ್ನೇ ಬಿಟ್ಟ ಹಾಗೆ.

ಕೊನೆಯಲ್ಲಿ ಒಬ್ಬ ಲಾರಿ ಚಾಲಕನ ವಿಷಯ. 1976ರಲ್ಲಿ ಇಂಗ್ಲೆಂಡಿನ ಚಿಂತಕ ಬರ್ನಾರ್ಡ್ ವಿಲಿಯಮ್ಸ್ ಕೊಟ್ಟ ಉದಾಹರಣೆ, ವಿವರ ನಾನು ಸ್ವಲ್ಪ ತುಂಬುತ್ತೇನೆ. ವೇಗ ಮಿತಿಯಲ್ಲಿದೆ, ಬ್ರೇಕು ಸರಿಯಾಗಿದೆ, ಕಣ್ಣು ರಸ್ತೆಯ ಮೇಲಿದೆ. ಮಗುವೊಂದು ಓಡಿ ಅಡ್ಡ ಬಂತು. ತಪ್ಪಿಸಲು ಯಾರಿಂದಲೂ ಆಗುತ್ತಿರಲಿಲ್ಲ. ಸುತ್ತ ಸೇರಿದವರು ಅವನಿಗೆ ‘ನಿನ್ನ ತಪ್ಪೇನೂ ಇಲ್ಲಪ್ಪ’ ಎನ್ನುತ್ತಾರೆ. ಅವರು ಹೇಳುವುದು ನಿಜ, ಹೇಳಲೂ ಬೇಕು. ಆದರೆ ಅವನು ಕೂಡಲೇ ‘ಹೌದು, ನನ್ನ ತಪ್ಪಿಲ್ಲ’ ಎಂದು ಮೈ ಕೊಡವಿ ಲಾರಿ ಹತ್ತಿದರೆ ಅದೇ ಜನ ಅವನನ್ನು ವಿಚಿತ್ರವಾಗಿ ನೋಡುತ್ತಾರೆ. ದಾರಿಯಲ್ಲಿ ನಿಂತು ನೋಡಿದವರ ದುಃಖವೂ ಅವನ ದುಃಖವೂ ಒಂದೇ ಅಲ್ಲ.

ಅವನು ‘ಮಾಡಿದೆ’ ಎನ್ನಲಾರ, ಮಾಡಲಿಲ್ಲ. ಬರೀ ‘ಆಯ್ತು’ ಎನ್ನಲೂ ಬಾಯಿ ಬರುವುದಿಲ್ಲ. ‘ನನ್ನಿಂದ ಆಯ್ತು’ ಎನ್ನುತ್ತಾನೆ. ಶುರುವಿನಲ್ಲಿ ಈ ವಾಕ್ಯವನ್ನು ನಾನು ನುಣುಚಿಕೊಳ್ಳುವವರ ವಾಕ್ಯದ ಸಾಲಿಗೆ ಸೇರಿಸಿದ್ದೆ, ಈಗ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ‘ನನ್ನಿಂದ’ ಎಂಬ ಆ ಒಂದು ಪದವನ್ನು ಅವನ ಮೇಲೆ ಯಾರೂ ಹೇರಿಲ್ಲ, ಯಾವ ನ್ಯಾಯಾಲಯವೂ ಕೇಳಿಲ್ಲ, ಅವನೇ ಸೇರಿಸಿಕೊಂಡಿದ್ದಾನೆ. ಆ ಮಗುವಿನ ಮನೆಗೆ ಅವನು ಹೋಗಬೇಕೇ ಎಂದು ನನ್ನನ್ನು ಕೇಳಿದರೆ, ಮನೆಯವರು ಒಪ್ಪಿದರೆ ಹೋಗಲಿ ಎನ್ನುತ್ತೇನೆ. ಹೋಗಿ ಅಷ್ಟನ್ನೇ ಹೇಳಲಿ, ನನ್ನಿಂದ ಆಯ್ತು ಎಂದು.